ಅನ್ನ ಹೆಚ್ಚು ಉಣ್ಣುವುದಕ್ಕೂ ಮುಪ್ಪಿನ ಮರೆವಿಗೂ ನಂಟಿದೆಯೇ?

ಪ್ರಶ್ನೆ

ನನ್ನ ತಾಯಿಯವರಿಗೆ 72 ವರ್ಷ. ಆರು ತಿಂಗಳಿಂದ ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾರೆ, ಹೇಳಿದ ಮಾತನ್ನೇ ಅರ್ಧ ಗಂಟೆಯೊಳಗೆ ಮತ್ತೆ ಹೇಳುತ್ತಾರೆ. ಬೆಳಗ್ಗೆ ಇಡ್ಲಿ ಅಥವಾ ಚಿತ್ರಾನ್ನ, ಎರಡು ಹೊತ್ತು ಅನ್ನ ಸಾರು, ನಡುವೆ ಸಕ್ಕರೆ ಹಾಕಿದ ಕಾಫಿ. ಕಾಳು ತಟ್ಟೆಗೆ ಬರುವುದೇ ಅಪರೂಪ. ಅನ್ನ, ಸಕ್ಕರೆಗಳಲ್ಲಿ ಹೇರಳವಾಗಿರುವ ಕಾರ್ಬೋಹೈಡ್ರೇಟ್ ಹೆಚ್ಚು ತಿನ್ನುವ ವೃದ್ಧರಲ್ಲಿ ಡಿಮೆನ್ಶಿಯಾದ (ನೆನಪು, ವಿವೇಚನೆ ಕುಂದುವ ಕಾಯಿಲೆಯ) ಮುಂಗುರುತುಗಳು ಹೆಚ್ಚು ಕಂಡುಬಂದವೆಂದು ಅಮೆರಿಕದ ಮೇಯೊ ಕ್ಲಿನಿಕ್‌ನ ಸಂಶೋಧಕರು 2012ರಲ್ಲಿ ಪ್ರಕಟಿಸಿದ್ದನ್ನು ಓದಿದ ಮೇಲೆ, ಅವರಿಗೆ ಅನ್ನವನ್ನೇ ನಿಲ್ಲಿಸಬೇಕೇ ಎಂಬ ಚಿಂತೆ ಹತ್ತಿದೆ. ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1

ಆ ಅಧ್ಯಯನ ಮಿನ್ನೆಸೋಟದ ಓಲ್ಮ್‌ಸ್ಟೆಡ್ ಕೌಂಟಿಯಲ್ಲಿ ನಡೆಯಿತು. ಆರಂಭದಲ್ಲಿ ನೆನಪು, ವಿವೇಚನೆಗಳು ಸರಿಯಾಗಿದ್ದ 70ರಿಂದ 89 ವಯಸ್ಸಿನ 937 ಜನರನ್ನು ಸುಮಾರು ನಾಲ್ಕು ವರ್ಷ ಗಮನಿಸಿದಾಗ, 200 ಜನರಲ್ಲಿ ಅರಿವಿನ ಶಕ್ತಿ ತುಸು ಕುಂದಿತ್ತು. ದಿನದ ಕ್ಯಾಲೊರಿಯಲ್ಲಿ ಕಾರ್ಬೋಹೈಡ್ರೇಟಿನ ಪಾಲು ಅತಿ ಹೆಚ್ಚಿದ್ದ ಗುಂಪಿಗೆ, ಅತಿ ಕಡಿಮೆಯಿದ್ದ ಗುಂಪಿಗೆ ಹೋಲಿಸಿದರೆ, ಈ ಅಪಾಯ 1.9 ಪಟ್ಟು ಇತ್ತು. ಕೊಬ್ಬಿನ ಪಾಲು ಹೆಚ್ಚಿದ್ದವರಲ್ಲಿ ಅಪಾಯ 42% ಕಡಿಮೆಯಿತ್ತು. ಇಲ್ಲಿ ಅಳೆದದ್ದು ತಿಂದ ಒಟ್ಟು ಪ್ರಮಾಣವನ್ನಲ್ಲ, ಪಾಲನ್ನು ಎಂಬುದನ್ನು ಮರೆಯಬಾರದು. ಅನ್ನ ತಟ್ಟೆಯನ್ನೆಲ್ಲ ತುಂಬಿದಾಗ ಬೇಳೆಕಾಳು, ಮೊಸರು, ಶೇಂಗಾಗಳಿಗೆ ಜಾಗ ಉಳಿಯುವುದಿಲ್ಲ. ಜೊತೆಗೆ ಇದು ನಂಟನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಸಾಬೀತುಪಡಿಸುವುದಿಲ್ಲ: ಮರೆವು ಶುರುವಾದವರಲ್ಲಿ ಕೆಲವರಿಗೆ ಸಿಹಿಯ ಆಸೆಯೇ ಹೆಚ್ಚುವುದುಂಟು.

ಉತ್ತರ 2

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಅಮೆರಿಕದ ಸಿಯಾಟಲ್‌ನಲ್ಲಿ 2,067 ಹಿರಿಯರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ. ಮಧುಮೇಹವಿಲ್ಲದವರಲ್ಲೂ ರಕ್ತದ ಸಕ್ಕರೆಯ ಸರಾಸರಿ 100ರ ಬದಲು 115 ಇದ್ದರೆ ಡಿಮೆನ್ಶಿಯಾದ ಅಪಾಯ 18% ಹೆಚ್ಚಿತ್ತು. ಆದ್ದರಿಂದ ಮೊದಲು ತಾಯಿಯವರ ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಪರೀಕ್ಷಿಸಿ. ಅಕ್ಕಿ ಬಿಟ್ಟು ರಾಗಿಮುದ್ದೆಗೆ ಬಂದರೆ ಸಾಕೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನಾರು, ಕ್ಯಾಲ್ಸಿಯಂ ದೃಷ್ಟಿಯಿಂದ ರಾಗಿ ಮೇಲು ನಿಜ, ಆದರೆ ಅದರ ತೂಕದಲ್ಲೂ ಸುಮಾರು ಮೂರನೆಯ ಎರಡು ಭಾಗ ಕಾರ್ಬೋಹೈಡ್ರೇಟೇ ಆಗಿರುವುದರಿಂದ, ಮುದ್ದೆ ದೊಡ್ಡದಾದರೆ ಪಾಲು ಹೆಚ್ಚೇನೂ ಬದಲಾಗುವುದಿಲ್ಲ. ಮುದ್ದೆಯೋ ಅನ್ನವೋ, ಅಳತೆ ತಗ್ಗಿಸಿ ಹುರುಳಿ, ಹೆಸರುಕಾಳು, ಸೊಪ್ಪುಗಳನ್ನು ಹೆಚ್ಚಿಸಿ.

ಉತ್ತರ 3

ನಮ್ಮ ಅತ್ತೆಯವರಲ್ಲಿ ಇಂಥದೇ ಮರೆವು ಕಂಡಾಗ ನಾವು ಒಂದು ವರ್ಷ ವಯಸ್ಸಿನ ಮೇಲೆ ಹೊರಿಸಿ ಸುಮ್ಮನಿದ್ದೆವು. ಕೊನೆಗೆ ಪರೀಕ್ಷಿಸಿದಾಗ ವಿಟಮಿನ್ ಬಿ12 ಬಹಳ ಕಡಿಮೆಯಿತ್ತು. ಇಂಜೆಕ್ಷನ್ ಕೊಡಿಸಿದ ಮೇಲೆ ಅವರು ಸಾಕಷ್ಟು ಚೇತರಿಸಿಕೊಂಡರು. ಆ ಒಂದು ವರ್ಷದ ಬಗ್ಗೆ ನನಗೆ ಈಗಲೂ ಸಂಕಟವಾಗುತ್ತದೆ. ಬಿ12 ಕೊರತೆ ಸಸ್ಯಾಹಾರಿಗಳಲ್ಲಿ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಸಾಮಾನ್ಯ. ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ. ಊಟದ ಚರ್ಚೆಗಾಗಿ ವೈದ್ಯರ ಭೇಟಿಯನ್ನು ಮುಂದೂಡಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ತಾಯಿಯವರು ಐದು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಈ ವಾರವೇ ಅನ್ನ ಕಡಿಮೆ ಮಾಡಲೇ?

ಉತ್ತರ 2 ಬರೆದವರು

ವೈದ್ಯರನ್ನು ಕೇಳದೆ ಖಂಡಿತ ಬೇಡ. ಆ ಮಾತ್ರೆ ನುಂಗಿ ಊಟ ತಗ್ಗಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು, ಮತ್ತು ಹಾಗೆ ಪದೇ ಪದೇ ಇಳಿಯುವುದು ಮಿದುಳಿಗೆ ಹಾನಿಕರ. ಮೊದಲು ಮಾತ್ರೆಯ ಪ್ರಮಾಣವನ್ನು ವೈದ್ಯರು ಮರುಪರಿಶೀಲಿಸಲಿ, ಆಮೇಲೆ ಅನ್ನದ ಅಳತೆ.