ಪ್ರೊಟೆಕ್ಟೆಡ್ ಫೀಲ್ಡ್ ಸಬ್‌ಕ್ಲಾಸ್‌ನಲ್ಲೇ ಸಿಗ್ತಿಲ್ಲ, ಜಾವಾ ಗೊತ್ತಿರೋರು ಹೇಳಿ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ, ಐದನೇ ಸೆಮ್ ಮಿನಿ ಪ್ರಾಜೆಕ್ಟ್‌ಗೆ ಜಾವಾದಲ್ಲಿ ಒಂದು ಸಣ್ಣ ಬ್ಯಾಂಕ್ ಪ್ರೋಗ್ರಾಂ ಬರೀತಿದೀನಿ. ಅಕೌಂಟ್ ಅಂತ ಕ್ಲಾಸು, ಅದರಲ್ಲಿ ಬ್ಯಾಲೆನ್ಸ್ ಪ್ರೊಟೆಕ್ಟೆಡ್, ಸೇವಿಂಗ್ಸ್‌ಅಕೌಂಟ್ ಅದನ್ನ ಎಕ್ಸ್‌ಟೆಂಡ್ ಮಾಡತ್ತೆ, ಅಂದ್ರೆ ಅದರ ಸಬ್‌ಕ್ಲಾಸು. ನಿನ್ನೆವರೆಗೂ ಎಲ್ಲಾ ಒಂದೇ ಪ್ಯಾಕೇಜ್‌ನಲ್ಲಿತ್ತು (ಕ್ಲಾಸ್‌ಗಳನ್ನ ಒಟ್ಟಿಗೆ ಇಡೋ ಗುಂಪು), ಚೆನ್ನಾಗೇ ಓಡ್ತಿತ್ತು, ಗೈಡ್ ಮೇಡಂ ಬೇರೆ ಬೇರೆ ಪ್ಯಾಕೇಜ್ ಮಾಡು ಅಂದ್ರು ಅಂತ ಸೇವಿಂಗ್ಸ್‌ನ ಆಚೆ ಹಾಕ್ದೆ, ಅಷ್ಟೇ, ಶುರುವಾಯ್ತು. ಟ್ರಾನ್ಸ್‌ಫರ್ ಮೆಥಡ್‌ನಲ್ಲಿ ಎರಡೇ ಸಾಲು, ದಿಸ್ ಡಾಟ್ ಬ್ಯಾಲೆನ್ಸ್‌ನಿಂದ ದುಡ್ಡು ಕಳೆಯೋದು, ಅದರ್ ಡಾಟ್ ಬ್ಯಾಲೆನ್ಸ್‌ಗೆ ಸೇರಿಸೋದು. ಮೊದಲನೇ ಸಾಲಿಗೆ ತಕರಾರಿಲ್ಲ, ಎರಡನೇದಕ್ಕೆ ಮಾತ್ರ "ಬ್ಯಾಲೆನ್ಸ್ ಹ್ಯಾಸ್ ಪ್ರೊಟೆಕ್ಟೆಡ್ ಆ್ಯಕ್ಸೆಸ್ ಇನ್ ಅಕೌಂಟ್" ಅಂತ ಎರರ್. ಅದರ್ ಅನ್ನೋದು ಅಕೌಂಟ್ ಟೈಪ್‌ನ ಪ್ಯಾರಾಮೀಟರ್. ಸಬ್‌ಕ್ಲಾಸ್‌ಗೆ ಪ್ರೊಟೆಕ್ಟೆಡ್ ಸಿಗತ್ತೆ ಅಂತ ತಾನೇ ಓದಿರೋದು? ಪಬ್ಲಿಕ್ ಮಾಡಿದ್ರೆ ಎರರ್ ಹೋಗತ್ತೆ, ಆದ್ರೆ ಹಾಗೆ ಮಾಡೋಕೆ ಮನಸ್ಸಿಲ್ಲ.

ಉತ್ತರ 1:
ಅದರ್‌ನ ಟೈಪ್ ಸೇವಿಂಗ್ಸ್‌ಅಕೌಂಟ್ ಅಂತ ಬದಲಾಯಿಸಿ, ಕಂಪೈಲ್ ಆಗತ್ತೆ. ನಂಗೂ ಹೀಗೇ ಆಗಿತ್ತು.

ಉತ್ತರ 2:
ಮೇಲಿನವರು ಹೇಳಿದ್ದು ಕಂಪೈಲ್ ಆಗತ್ತೆ ನಿಜ, ಆದ್ರೆ ಆಮೇಲೆ ಸೇವಿಂಗ್ಸ್‌ನಿಂದ ಕರೆಂಟ್ ಅಕೌಂಟ್‌ಗೆ ದುಡ್ಡು ಕಳಿಸೋಕಾಗಲ್ಲ, ಆಗ ಟ್ರಾನ್ಸ್‌ಫರ್ ಇದ್ದೂ ಏನು ಬಂತು.

ಜಾವಾದಲ್ಲಿ ಪ್ರೊಟೆಕ್ಟೆಡ್ ಅಂದ್ರೆ ಅದೇ ಪ್ಯಾಕೇಜ್‌ನಲ್ಲಿರೋ ಎಲ್ಲರಿಗೂ ಸಿಗತ್ತೆ, ಸಬ್‌ಕ್ಲಾಸ್ ಆಗಿರಲಿ ಬಿಡಲಿ. ನಿಮ್ಮ ಕೋಡ್ ಇಷ್ಟು ದಿನ ಓಡಿದ್ದು ಪ್ಯಾಕೇಜ್ ದೆಸೆಯಿಂದ, ಇನ್‌ಹೆರಿಟೆನ್ಸ್‌ನಿಂದ ಅಲ್ಲ. ಪ್ಯಾಕೇಜ್ ದಾಟಿದ ಮೇಲೆ ಸಬ್‌ಕ್ಲಾಸ್‌ಗೆ ಸಿಗೋದು ತನ್ನ ಟೈಪ್‌ನ ಅಥವಾ ತನ್ನ ಕೆಳಗಿನ ಟೈಪ್‌ನ ರೆಫರೆನ್ಸ್ ಮೂಲಕ ಮಾತ್ರ. ಅಕೌಂಟ್ ಅಂತ ಬಂದಿರೋ ಆಬ್ಜೆಕ್ಟ್ ಒಳಗೆ ಕರೆಂಟ್‌ಅಕೌಂಟ್ ಇರಬಹುದಲ್ವಾ, ಅದು ನಿಮ್ಮ ಸೇವಿಂಗ್ಸ್‌ಗೆ ದಾಯಾದಿ ಇದ್ದಂಗೆ. ಅಪ್ಪನಿಂದ ಬಂದ ನಿಮ್ಮ ಪಾಲು ನೀವು ಮುಟ್ಟಬಹುದು, ದಾಯಾದಿ ಪಾಲಿಗೆ ಕೈ ಹಾಕೋ ಹಾಗಿಲ್ಲ. ಈ ತಡೆ ಇಲ್ದಿದ್ರೆ ಯಾರು ಬೇಕಾದ್ರೂ ಸುಮ್ನೆ ಅಕೌಂಟ್‌ನ ಎಕ್ಸ್‌ಟೆಂಡ್ ಮಾಡಿ ಎಲ್ಲರ ಬ್ಯಾಲೆನ್ಸ್ ತಿದ್ದಬಹುದಿತ್ತು. ಸಿ ಪ್ಲಸ್ ಪ್ಲಸ್, ಸಿ ಶಾರ್ಪ್‌ನಲ್ಲೂ ಈ ತಡೆ ಇದೆ.

ನನ್ನ ಪ್ರಕಾರ ಟ್ರಾನ್ಸ್‌ಫರ್‌ನೇ ಅಕೌಂಟ್ ಕ್ಲಾಸ್ ಒಳಗೆ ತಗೊಂಡು ಹೋಗಿ, ಬ್ಯಾಲೆನ್ಸ್ ಪ್ರೈವೇಟ್ ಮಾಡಿ. ಪ್ರೈವೇಟ್ ಮಾಡಿದ್ರೆ ಅದರ್ ಡಾಟ್ ಬ್ಯಾಲೆನ್ಸ್ ಹೇಗೆ ಸಿಗತ್ತೆ ಅನ್ಬೇಡಿ, ಸಿಗತ್ತೆ, ಯಾಕಂದ್ರೆ ಪ್ರೈವೇಟ್ ಕಾಯೋದು ಕ್ಲಾಸ್ ಗಡೀನ, ಒಂದೊಂದು ಆಬ್ಜೆಕ್ಟ್‌ನ ಅಲ್ಲ. ಇದು ಎಷ್ಟೋ ವರ್ಷ ಕೆಲಸ ಮಾಡಿದೋರಿಗೂ ಗೊತ್ತಿರಲ್ಲ. ಸೇವಿಂಗ್ಸ್‌ನಲ್ಲಿ ಬಡ್ಡಿ ಲೆಕ್ಕ ಹಾಕೋ ಕಡೆ ಆಗ ಹೊಸ ಎರರ್ ಬರತ್ತೆ, ಅಲ್ಲಿಗೆ ಗೆಟ್‌ಬ್ಯಾಲೆನ್ಸ್ ಅಂತ ಒಂದು ಪ್ರೊಟೆಕ್ಟೆಡ್ ಮೆಥಡ್ ಕೊಡಿ, ಬಡ್ಡಿ ಸೇರಿಸೋಕೆ ಡೆಪಾಸಿಟ್ ಮೆಥಡ್ ಕರೀರಿ. ಮೈನಸ್ ಅಮೌಂಟ್ ಬಂದ್ರೆ ತಡೆಯೋ ಚೆಕ್‌ನೂ ಆ ಡೆಪಾಸಿಟ್ ಒಳಗೇ ಹಾಕ್ಬಹುದು, ಫೀಲ್ಡ್ ಪಬ್ಲಿಕ್ ಮಾಡಿದ್ರೆ ಇದ್ಯಾವುದೂ ನಿಮ್ಮ ಕೈಲಿರಲ್ಲ.

ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್, ಆಯ್ತು! ದಾಯಾದಿ ಪಾಲು ಅಂದಿದ್ದು ಸರಿಯಾಗಿ ತಲೆಗೆ ಹೋಯ್ತು. ಇನ್ನೊಂದೇ ಒಂದು, ಇವತ್ತು ಬಡ್ಡಿಗೆ ಅಂತ ಒಂದು ಇಂಟರ್‌ಫೇಸ್ (ಕ್ಲಾಸ್‌ನಲ್ಲಿ ಯಾವ ಮೆಥಡ್ ಇರಲೇಬೇಕು ಅನ್ನೋ ಪಟ್ಟಿ) ಮಾಡಿ ಸೇವಿಂಗ್ಸ್‌ನಲ್ಲಿ ಇಂಪ್ಲಿಮೆಂಟ್ ಮಾಡ್ದೆ, "ಅಟೆಂಪ್ಟಿಂಗ್ ಟು ಅಸೈನ್ ವೀಕರ್ ಆ್ಯಕ್ಸೆಸ್ ಪ್ರಿವಿಲೇಜಸ್, ವಾಸ್ ಪಬ್ಲಿಕ್" ಅಂತಿದೆ. ನಾನೆಲ್ಲೂ ಪಬ್ಲಿಕ್ ಅಂತ ಬರದೇ ಇಲ್ಲ.

ಉತ್ತರ 2:
ಬರೀದೇ ಇರೋದೇ ತೊಂದರೆ. ಇಂಟರ್‌ಫೇಸ್‌ನಲ್ಲಿ ಏನೂ ಹಾಕ್ದೆ ಬಿಟ್ಟ ಮೆಥಡ್ ತಾನಾಗೇ ಪಬ್ಲಿಕ್, ಕ್ಲಾಸ್‌ನಲ್ಲಿ ಏನೂ ಹಾಕ್ದೆ ಬಿಟ್ರೆ ಅದು ಪ್ಯಾಕೇಜ್ ಒಳಗೆ ಮಾತ್ರ. ಓವರ್‌ರೈಡ್ ಮಾಡುವಾಗ, ಅಂದ್ರೆ ಮೇಲಿಂದ ಬಂದ ಮೆಥಡ್‌ನ ಕೆಳಗೆ ಮತ್ತೆ ಬರೆಯುವಾಗ, ಬಾಗಿಲು ಇನ್ನೂ ಅಗಲ ಮಾಡಬಹುದು, ಕಿರಿದು ಮಾಡೋ ಹಾಗಿಲ್ಲ. ಸೇವಿಂಗ್ಸ್‌ನಲ್ಲಿರೋ ಆ ಮೆಥಡ್ ಮುಂದೆ ಪಬ್ಲಿಕ್ ಅಂತ ಸೇರಿಸಿ, ಸಾಕು.