ಒಂಬತ್ತುಗಳಲ್ಲೇ ನಿಂತುಹೋದ ಓಡೋಮೀಟರ್: ಮುಂದಿನ ಲೆಕ್ಕ ಇಡುವುದು ಹೇಗೆ?

ದೂರಯಾನಿ:

ಎಲ್ಲರಿಗೂ ನಮಸ್ಕಾರ. ನನ್ನ ಡೀಸೆಲ್ ಕಾರಿನ ಡಿಜಿಟಲ್ ಓಡೋಮೀಟರ್ 9,99,999 ಕಿ.ಮೀ. ತಲುಪಿದ ಮೇಲೆ ಅಲ್ಲಿಂದ ಕದಲುತ್ತಿಲ್ಲ. ಸ್ಪೀಡೋಮೀಟರ್ ಸರಿಯಾಗಿ ವೇಗ ತೋರಿಸುತ್ತದೆ, ಇಂಜಿನ್ ಹದವಾಗಿ ಓಡುತ್ತಿದೆ, ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಯಾವುದೂ ಉರಿಯುತ್ತಿಲ್ಲ. ಆದರೂ ಎಷ್ಟು ದೂರ ಓಡಿಸಿ ಬಂದರೂ ಕಣ್ಣೆದುರಿಗೆ ಅದೇ ಆರು ಒಂಬತ್ತುಗಳು.

ಹತ್ತು ಲಕ್ಷ ಎಂಬ ಅಂಕಿಯನ್ನು ಕಣ್ಣಾರೆ ಕಾಣಬೇಕೆಂಬ ಆಸೆ ನನಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ನನ್ನ ಬೇಸರಕ್ಕೆ ಅದಕ್ಕಿಂತ ದೊಡ್ಡ ಕಾರಣವಿದೆ. ಇಂಜಿನ್ ಆಯಿಲ್, ಫಿಲ್ಟರ್, ಟೈಮಿಂಗ್ ಬೆಲ್ಟ್, ಗೇರ್‌ಬಾಕ್ಸ್ ಆಯಿಲ್ ಇವೆಲ್ಲವನ್ನೂ ಬದಲಿಸುವ ಹೊತ್ತನ್ನು ನಾನು ಇಷ್ಟು ಕಾಲವೂ ಈ ಮೀಟರ್ ನೋಡಿಯೇ ನಿರ್ಧರಿಸಿದ್ದೇನೆ, ಮತ್ತು ಕಾರು ಇಷ್ಟು ದೂರ ಬಂದಿರುವುದು ಆ ಶಿಸ್ತಿನಿಂದಲೇ ಎಂದು ನಂಬಿದ್ದೇನೆ. ಕಾರನ್ನು ಜೋಪಾನ ಮಾಡಿದವನಿಗೆ ಮಾತ್ರ ಎದುರಾಗುವ ಕೊರತೆಯೊಂದನ್ನು ತಯಾರಕರು ಅದರೊಳಗೇ ಇಟ್ಟಿದ್ದಾರೆ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ. ಇದು ಕೆಟ್ಟುಹೋದದ್ದೋ, ಅಥವಾ ಬೇಕೆಂದೇ ಇಟ್ಟ ಮಿತಿಯೋ? ಮತ್ತೆ ಎಣಿಸುವಂತೆ ಮಾಡಲು ಸಾಧ್ಯವೇ? ಸಾಧ್ಯವಿಲ್ಲದಿದ್ದರೆ ಮುಂದಿನ ಲೆಕ್ಕವನ್ನು ನಂಬಿಕೆಗೆ ಯೋಗ್ಯವಾಗಿ ಇಡುವುದು ಹೇಗೆ?

ಸರ್ಕ್ಯೂಟ್:

ನೀವು ಕೊಟ್ಟ ಲಕ್ಷಣಗಳನ್ನು ನೋಡಿದರೆ ಇದು ಕೆಟ್ಟದ್ದಲ್ಲ, ಮಿತಿಯೇ. ಈಗಿನ ಕಾರುಗಳಲ್ಲಿ ವೇಗ ಮತ್ತು ದೂರ ಎರಡನ್ನೂ ಸಾಮಾನ್ಯವಾಗಿ ಚಕ್ರದ ಅಥವಾ ಗೇರ್‌ಬಾಕ್ಸಿನ ಸೆನ್ಸರ್ ಕಳಿಸುವ ಮಿಡಿತಗಳಿಂದ ಲೆಕ್ಕ ಹಾಕುತ್ತಾರೆ. ಸೆನ್ಸರ್ ಸತ್ತಿದ್ದರೆ ಸ್ಪೀಡೋಮೀಟರ್ ಕೂಡ ಮಲಗಬೇಕಿತ್ತು. ಹಳೆಯ ಯಾಂತ್ರಿಕ ಮೀಟರ್‌ಗಳಲ್ಲಿ ಒಳಗಿನ ಸಣ್ಣ ಪ್ಲಾಸ್ಟಿಕ್ ಗೇರ್ ಹಲ್ಲು ಮುರಿದು ಎಣಿಕೆ ಮಾತ್ರ ನಿಲ್ಲುವುದುಂಟು, ಆದರೆ ಅದು ಯಾವುದೋ ಒಂದು ಅಡ್ಡಾದಿಡ್ಡಿ ಅಂಕಿಯಲ್ಲಿ ನಿಲ್ಲುತ್ತದೆಯೇ ಹೊರತು ಕರಾರುವಾಕ್ಕಾಗಿ ಎಲ್ಲ ಒಂಬತ್ತುಗಳಲ್ಲಿ ಅಲ್ಲ.

ಇದಕ್ಕೆ ಮೆಮೊರಿಯ ಕೊರತೆ ಕಾರಣ ಎಂದು ಹಲವರು ಹೇಳುತ್ತಾರೆ. ಆ ವಾದವನ್ನು ನಾನು ಒಪ್ಪುವುದಿಲ್ಲ. ಹತ್ತು ಲಕ್ಷದವರೆಗೆ ಎಣಿಸಲು 20 ಬಿಟ್ (ಸೊನ್ನೆ ಅಥವಾ ಒಂದನ್ನು ಹಿಡಿಯುವ ಮೆಮೊರಿಯ ಮನೆ) ಸಾಕು, ಏಕೆಂದರೆ 20 ಬಿಟ್‌ಗಳಲ್ಲಿ 10,48,575ರ ತನಕದ ಸಂಖ್ಯೆ ಹಿಡಿಯುತ್ತದೆ. ಮೂರು ಬೈಟ್, ಅಂದರೆ 24 ಬಿಟ್ ಕೊಟ್ಟರೆ 1,67,77,215 ಕಿ.ಮೀ. ತನಕ ತೊಂದರೆಯೇ ಇಲ್ಲ. 2000ರ ದಶಕದ ಕೆಲವು ಟೊಯೋಟಾ ಕೊರೊಲಾ ಕಾರುಗಳ ಮೀಟರ್ 2,99,999 ಮೈಲಿಗೆ ನಿಂತುಬಿಡುತ್ತದೆ ಎಂಬುದು ಆ ಕಾರಿನವರಿಗೆಲ್ಲ ಗೊತ್ತಿರುವ ವಿಷಯ. ಆ ಸಂಖ್ಯೆ ಯಾವ ಬಿಟ್ ಗಡಿಗೂ ಹೊಂದುವುದಿಲ್ಲ, ಪರದೆಯಲ್ಲಿಯೂ ಅದರಾಚೆಗಿನ ಅಂಕಿಗೆ ಜಾಗವಿತ್ತು. ಹಾಗಾಗಿ ಅದು ಪ್ರೋಗ್ರಾಮಿನಲ್ಲೇ ಬರೆದಿಟ್ಟ ಮಿತಿ ಎಂದೇ ನಾನು ತಿಳಿಯುತ್ತೇನೆ. ನಿಮ್ಮದರಲ್ಲಿ ಪರದೆಗೆ ಆರೇ ಮನೆಗಳು ಇರುವುದರಿಂದ ಪ್ರೋಗ್ರಾಂ ಅಲ್ಲಿಗೆ ಕೈಕಟ್ಟಿ ನಿಂತಿದೆ.

ಮೆಮೊರಿ ಚಿಪ್ ಸವೆಯುತ್ತದೆ ಎಂಬ ಇನ್ನೊಂದು ಮಾತಿದೆ. ಮೀಟರ್ ಒಳಗಿನ ಇಇಪ್ರಾಮ್ ಚಿಪ್ಪಿನ ಒಂದೊಂದು ಕೋಶವನ್ನು ಸಾಮಾನ್ಯವಾಗಿ ಲಕ್ಷ ಸಲದ ಆಸುಪಾಸು ತಿದ್ದಿ ಬರೆಯಬಹುದು ಎಂಬುದು ನಿಜ. ಆದರೆ ಅದಕ್ಕೆಂದೇ ಒಂದೇ ಕೋಶಕ್ಕೆ ಬರೆಯದೆ ಹಲವು ಕೋಶಗಳಿಗೆ ಸರದಿಯಂತೆ ಬರೆಯುವ ಕ್ರಮ ಬಹಳ ಹಿಂದಿನಿಂದಲೂ ಇದೆ. ಏಳನೆಯ ಅಂಕಿಗೆ ಜಾಗ ಕೊಡುವುದು ಕಷ್ಟದ ಕೆಲಸವಾಗಿರಲಿಲ್ಲ. ಇಷ್ಟು ದೂರ ಯಾರು ಓಡಿಸುತ್ತಾರೆ ಎಂದುಕೊಂಡು ಬಿಟ್ಟಿದ್ದಾರೆ, ಅಷ್ಟೆ.

ಹಳೆಬಂಡಿ:

ಸರ್ಕ್ಯೂಟ್ ಅವರ ವಿವರಣೆ ಸರಿಯಾಗಿದೆ, ಆದರೆ ಮಿತಿಯಲ್ಲಿ ನಿಲ್ಲುವುದಕ್ಕೂ ಒಂದು ಸಮರ್ಥನೆ ಇದೆ. ಐದು ಅಂಕಿ-ಚಕ್ರಗಳ ಹಳೆಯ ಮೀಟರ್‌ಗಳು 99,999 ದಾಟಿದ ಕೂಡಲೇ ಸೊನ್ನೆಗೆ ಹೊರಳುತ್ತಿದ್ದವು. ಒಂದು ಲಕ್ಷದ ಇಪ್ಪತ್ತು ಸಾವಿರ ಓಡಿದ ಕಾರು ಇಪ್ಪತ್ತು ಸಾವಿರ ಮಾತ್ರ ಓಡಿದಂತೆ ಕಾಣುತ್ತಿತ್ತು, ಕೊಳ್ಳುವವರು ಪೆಡಲಿನ ಸವೆತ, ಸೀಟಿನ ಬಟ್ಟೆ ನೋಡಿ ಊಹಿಸಬೇಕಿತ್ತು. ಒಂಬತ್ತುಗಳಲ್ಲಿ ನಿಂತ ಮೀಟರ್ ಕನಿಷ್ಠ ಪಕ್ಷ "ಇಷ್ಟಂತೂ ಓಡಿದೆ" ಎಂದು ನಿಜ ಹೇಳುತ್ತದೆ. ಸೊನ್ನೆಗೆ ಹೊರಳಿದ ಮೀಟರ್ ಸುಳ್ಳು ಹೇಳುತ್ತದೆ. ಇವೆರಡರಲ್ಲಿ ಆರಿಸು ಎಂದರೆ ನಾನು ನಿಲ್ಲುವುದನ್ನೇ ಆರಿಸುತ್ತೇನೆ.

ಅಂದಹಾಗೆ, ದೂರಯಾನಿಯವರು ಒಬ್ಬಂಟಿಯಲ್ಲ. ಅಮೆರಿಕದ ಮ್ಯಾಟ್ ಫರಾ ಅವರ 1996ರ ಲೆಕ್ಸಸ್ ಎಲ್‌ಎಸ್ 400 ಹತ್ತು ಲಕ್ಷ ಮೈಲಿ ಪೂರೈಸಿ ಹೆಸರಾಯಿತು, ಅದರ ಮೀಟರ್ ಕೂಡ ಆರು ಒಂಬತ್ತುಗಳ ಆಚೆಗೆ ಹೋಗಲಿಲ್ಲ. ಅರ್ವ್ ಗೋರ್ಡನ್ ಎಂಬುವರು ತಮ್ಮ 1966ರ ವೋಲ್ವೋ ಪಿ1800 ಕಾರಿನಲ್ಲಿ 2013ರಲ್ಲಿ ಮೂವತ್ತು ಲಕ್ಷ ಮೈಲಿ ದಾಟಿದರು. ಅಂಥ ದೂರವನ್ನು ಮೀಟರಿನ ಅಂಕಿಯೊಂದನ್ನೇ ನಂಬಿ ಸಾಬೀತು ಮಾಡಲಾಗದು, ಅದರ ಹಿಂದೆ ದಾಖಲೆಗಳು ಇರಲೇಬೇಕು.

ಲೆಕ್ಕಪುಸ್ತಕ:

ನಾನು ಮೂರನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ನಾಳೆಯಿಂದ ನಿಮಗೆ ಬೇಕಾಗಿರುವುದು ಅದೇ.

ಮೊದಲು ಟ್ರಿಪ್ ಮೀಟರ್, ಅಂದರೆ ಬೇಕೆಂದಾಗ ಸೊನ್ನೆಗೆ ತಂದು ಒಂದೊಂದು ಪ್ರಯಾಣದ ದೂರ ಅಳೆಯುವ ಮೀಟರ್, ಎಣಿಸುತ್ತಿದೆಯೇ ಎಂದು ನೋಡಿ. ಮುಖ್ಯ ಮೀಟರ್ ನಿಂತರೂ ಟ್ರಿಪ್ ಮೀಟರ್ ಓಡುತ್ತಲೇ ಇರುವುದು ಸಾಮಾನ್ಯ. ಎ ಮತ್ತು ಬಿ ಎಂದು ಎರಡು ಇದ್ದರೆ ಎ ಅನ್ನು ಡೀಸೆಲ್ ಲೆಕ್ಕಕ್ಕೆ ಬಿಟ್ಟು, ಬಿ ಅನ್ನು ಒಟ್ಟು ದೂರಕ್ಕೇ ಮೀಸಲಿಡಿ, ಕಾರು ಓಡಿಸುವ ಮನೆಯವರೆಲ್ಲರಿಗೂ ಅದನ್ನು ಮುಟ್ಟಬಾರದೆಂದು ಹೇಳಿಡಿ. ಟ್ರಿಪ್ ಮೀಟರ್‌ಗೂ ಮಿತಿ ಇರುತ್ತದೆ: ಕೆಲವು 999.9ಕ್ಕೆ, ಕೆಲವು 9,999.9ಕ್ಕೆ ಸೊನ್ನೆಯಾಗುತ್ತವೆ. ಆದ್ದರಿಂದ ಪ್ರತಿ ಸಲ ಟ್ಯಾಂಕ್ ತುಂಬಿಸುವಾಗ ದಿನಾಂಕ, ಬಿ ಮೀಟರಿನ ಅಂಕಿ, ಹಾಕಿಸಿದ ಲೀಟರ್ ಮೂರನ್ನೂ ಬರೆದಿಡಿ. ಬ್ಯಾಟರಿ ತಂತಿ ಬಿಚ್ಚಿದಾಗ ಟ್ರಿಪ್ ಮೀಟರ್ ಅಳಿಸಿಹೋಗಬಹುದು, ಹಾಗಾಗಿ ಕಾರನ್ನು ಮೆಕ್ಯಾನಿಕ್ ಕೈಗೆ ಕೊಡುವ ಮುನ್ನವೂ ಬರೆದುಕೊಳ್ಳಿ. ಅಕಸ್ಮಾತ್ ಅಂಕಿ ತಪ್ಪಿಹೋದರೆ ಲೀಟರ್ ಲೆಕ್ಕ ಕೈ ಹಿಡಿಯುತ್ತದೆ: ನಿಮ್ಮ ಕಾರು ಲೀಟರಿಗೆ ಸರಾಸರಿ 18 ಕಿ.ಮೀ. ಕೊಡುತ್ತದೆ ಎಂದಾದರೆ 400 ಲೀಟರಿಗೆ 7,200 ಕಿ.ಮೀ. ಎಂದು ಅಂದಾಜಿಸಬಹುದು, ಆಯಿಲ್ ಬದಲಿಸುವ ನಿರ್ಧಾರಕ್ಕೆ ಅಷ್ಟು ನಿಖರತೆ ಸಾಕು.

ನೂರಿನ್ನೂರು ಕಿ.ಮೀ. ಆಚೀಚೆ ಆಯಿತೆಂದು ಕೊರಗಬೇಡಿ. ಸುತ್ತಳತೆ ಶೇಕಡಾ 3ರಷ್ಟು ಹೆಚ್ಚಿರುವ ಟೈರ್ ಹಾಕಿಸಿದರೆ ಮೀಟರ್ ಅಷ್ಟೇ ಪ್ರಮಾಣದಲ್ಲಿ ಕಡಿಮೆ ಎಣಿಸುತ್ತದೆ. ಹತ್ತು ಲಕ್ಷದಲ್ಲಿ ಅದು ಸುಮಾರು ಮೂವತ್ತು ಸಾವಿರ ಕಿ.ಮೀ. ಆಗುತ್ತದೆ.

ಸರ್ಕ್ಯೂಟ್:

ಮೇಲಿನದಕ್ಕೆ ಒಂದು ಸೇರ್ಪಡೆ. ಕಾರಿನಲ್ಲಿ ಒಬಿಡಿ ಸಾಕೆಟ್ (ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷ ಮತ್ತು ಅಂಕಿಗಳನ್ನು ಓದುವ ಕಿಂಡಿ) ಇದ್ದರೆ ಸ್ಕ್ಯಾನರ್ ಹಾಕಿ ನೋಡಿ. ದೋಷ ಸಂಕೇತಗಳನ್ನು ಅಳಿಸಿದಂದಿನಿಂದ ಓಡಿದ ದೂರವನ್ನು ಹಲವು ಕಾರುಗಳು ಪ್ರತ್ಯೇಕವಾಗಿ ಎಣಿಸುತ್ತವೆ, ಅದು 65,535 ಕಿ.ಮೀ. ತನಕ ಹೋಗುತ್ತದೆ. ಈಚಿನ ಒಬಿಡಿ ಮಾನದಂಡದಲ್ಲಿ ಓಡೋಮೀಟರಿಗೆಂದೇ ನಾಲ್ಕು ಬೈಟ್ ಮೀಸಲಿದೆ, 0.1 ಕಿ.ಮೀ. ಹೆಜ್ಜೆಯಲ್ಲಿ ಎಣಿಸಿದರೂ ಅದರಲ್ಲಿ ಸುಮಾರು 42.9 ಕೋಟಿ ಕಿ.ಮೀ. ಹಿಡಿಯುತ್ತದೆ. ಹಳೆಬಂಡಿಯವರೇ, ನಿಲ್ಲುವುದೋ ಹೊರಳುವುದೋ ಎಂಬ ಆಯ್ಕೆಯೇ ಬೇಕಿಲ್ಲ ಎಂದು ನಾನು ಹೇಳುವುದು ಇದಕ್ಕೇ.

ದೂರಯಾನಿ:

ತಮ್ಮೆಲ್ಲರಿಗೂ ಧನ್ಯವಾದಗಳು. ಬಿ ಟ್ರಿಪ್ ಮೀಟರ್ ಎಣಿಸುತ್ತಿದೆ, ಇಂದಿನಿಂದ ಅದನ್ನು ಮುಟ್ಟುವುದಿಲ್ಲ. ಇನ್ನೊಂದು ಸಂದೇಹವಿದೆ. ಮೀಟರ್ ರಿಪೇರಿ ಮಾಡುವವರೊಬ್ಬರು ಬೇರೆ ಮೀಟರ್ ಹಾಕಿ, ಅದಕ್ಕೆ ಎರಡೋ ಮೂರೋ ಲಕ್ಷದ ಅಂಕಿ ಕೂರಿಸಿಕೊಡುತ್ತೇನೆ, ಅಲ್ಲಿಂದ ಎಣಿಸುತ್ತಾ ಹೋಗಲಿ ಎನ್ನುತ್ತಾರೆ. ನನಗೆ ಕಾರು ಮಾರುವ ಯೋಚನೆಯಿಲ್ಲ. ಆದರೂ ಇದನ್ನು ಮಾಡಿಸಬಹುದೇ?

ಹಳೆಬಂಡಿ:

ದಯವಿಟ್ಟು ಮಾಡಿಸಬೇಡಿ. ಇಂದು ಮಾರುವ ಯೋಚನೆ ಇಲ್ಲದಿರಬಹುದು, ಆದರೆ ಕಾರು ಮುಂದೆ ಯಾರ ಕೈಗೆ ಹೋಗುತ್ತದೆಂದು ಹೇಳಲಾಗದು, ಆಗ ಆ ಮೂರು ಲಕ್ಷದ ಅಂಕಿ ನಿಮ್ಮ ಹೆಸರಿನ ಸುಳ್ಳಾಗಿ ಉಳಿಯುತ್ತದೆ. ಮೀಟರ್ ಬದಲಿಸುವುದೇ ಆದರೆ ಅಮೆರಿಕದ ಕಾನೂನಿನಲ್ಲಿರುವ ಕ್ರಮ ಎಲ್ಲಿಯವರಿಗೂ ಒಳ್ಳೆಯದು: ಹೊಸ ಮೀಟರ್ ಹಳೆಯ ಅಂಕಿಯನ್ನೇ ತೋರಿಸಲಾಗದಿದ್ದರೆ ಅದನ್ನು ಸೊನ್ನೆಗೆ ಇಟ್ಟು, ಬದಲಿಸುವ ಮುಂಚಿನ ಅಂಕಿ ಮತ್ತು ಬದಲಿಸಿದ ದಿನಾಂಕವನ್ನು ಎಡ ಬಾಗಿಲಿನ ಚೌಕಟ್ಟಿಗೆ ಚೀಟಿಯಾಗಿ ಅಂಟಿಸಬೇಕು. ಮೀಟರಿನ ಮಿತಿಯನ್ನು ಮೀರಿ ಓಡಿದ ವಾಹನವಾದರೆ ಮಾರುವಾಗ ಆ ಮಾತನ್ನು ಬರವಣಿಗೆಯಲ್ಲಿ ತಿಳಿಸುವ ನಿಯಮವೂ ಅಲ್ಲಿದೆ.

ನೀವಿರುವಲ್ಲಿನ ವಾಹನ ನೋಂದಣಿ ಕಚೇರಿಯಲ್ಲಿ ಇದಕ್ಕೆ ಏನು ನಿಯಮವಿದೆ ಎಂದು ಮೊದಲು ವಿಚಾರಿಸಿ. ಬದಲಿಸಿದರೆ ಹಳೆಯ ಮೀಟರನ್ನು ಎಸೆಯದೆ ಇಟ್ಟುಕೊಳ್ಳಿ, ರಶೀದಿಯಲ್ಲಿ "9,99,999 ಕಿ.ಮೀ.ಗೆ ನಿಂತಿತ್ತು, ಅದರ ನಂತರ ಟ್ರಿಪ್ ಮೀಟರ್ ಪ್ರಕಾರ ಇಷ್ಟು ಓಡಿದೆ, ಹೊಸ ಮೀಟರ್ ಸೊನ್ನೆಯಿಂದ ಆರಂಭ" ಎಂದು ಬರೆಸಿ ಸಹಿ ಹಾಕಿಸಿ, ಮತ್ತು ಅದರ ಪ್ರತಿಯೊಂದನ್ನು ಸರ್ವಿಸ್ ಪುಸ್ತಕದೊಳಗೆ ಅಂಟಿಸಿಡಿ.