‘ಸ್ಟೋನ್ ವಾಲ್’ನಲ್ಲಿ ಸ್ಟೋನ್ ನೌನಾ, ಅಡ್ಜೆಕ್ಟಿವಾ?

ನೀರ್ಚಾಲಿನ ಅಮ್ಮ: ಏಳನೇ ಕ್ಲಾಸಿನ ಮಗಳಿಗೆ ಪರೀಕ್ಷೆಯಲ್ಲಿ ‘ಸ್ಟೋನ್ ವಾಲ್’ ಕೊಟ್ಟು, ಸ್ಟೋನ್ ಯಾವ ಬಗೆಯ ಪದ ಅಂತ ಕೇಳಿದ್ದಾರೆ. ನೌನ್ ಅಂತ ಬರೆದಳು. ಕೆಂಪು ಶಾಯಿಯಲ್ಲಿ ಗೆರೆ ಹಾಕಿ ‘ಅಡ್ಜೆಕ್ಟಿವ್’ ಅಂತ ತಿದ್ದಿದ್ದಾರೆ. ಕಲ್ಲು ಯಾವಾಗ ಗುಣವಾಚಕ ಆಯ್ತು ಅಂತ ಬೆಳಗ್ಗಿನಿಂದ ಕೇಳುತ್ತಾ ಇದ್ದಾಳೆ.

ಕುಂಬಳೆ ಕಡಲು: ತಿದ್ದಿದ್ದು ಸರಿಯೇ ಅಕ್ಕ. ಗೋಡೆ ಎಂಥದ್ದು? ಕಲ್ಲಿನದ್ದು. ಎಂಥದ್ದು ಅಂತ ಹೇಳುವ ಪದ ಅಡ್ಜೆಕ್ಟಿವ್. ನಾವು ಕಲಿತದ್ದೂ ಹಾಗೇ.

ಬದಿಯಡ್ಕ ಟೀಚರ್: ಅಲ್ಲ. ಅದು ಮಾಡುವ ಕೆಲಸ ಅಡ್ಜೆಕ್ಟಿವಿನದ್ದು, ಪದ ಮಾತ್ರ ನೌನೇ. ‘ಓಲ್ಡ್ ವಾಲ್’ ಇದ್ದರೆ ‘ವೆರಿ ಓಲ್ಡ್’, ‘ಓಲ್ಡರ್’ ಅನ್ನಬಹುದು. ‘ವೆರಿ ಸ್ಟೋನ್ ವಾಲ್’ ಬಾಯಿಗೇ ಬರುವುದಿಲ್ಲ.

ಕುಂಬಳೆ ಕಡಲು: ‘ಮೇನ್ ರೋಡ್’ಗೆ ವೆರಿ ಹಾಕಿ ನೋಡಿ ಟೀಚರೇ. ಅಲ್ಲೂ ಬರುವುದಿಲ್ಲ. ಆದರೂ ಮೇನ್ ಅಡ್ಜೆಕ್ಟಿವೇ ಅಲ್ವಾ?

ಬದಿಯಡ್ಕ ಟೀಚರ್: ಒಪ್ಪಿದೆ, ವೆರಿ ಒಂದೇ ಸಾಲದು. ಬೆನ್ನುನೋವಿಗೆ ಇಟ್ಟುಕೊಳ್ಳುವ ‘ಹಾಟ್ ವಾಟರ್ ಬಾಟಲ್’ ನೋಡಿ. ಬಿಸಿ ಯಾವುದು, ಬಾಟಲಿಯಾ ನೀರಾ? ಅಂಗಡಿಯಿಂದ ತರುವಾಗ ಆ ರಬ್ಬರ್ ಚೀಲ ತಣ್ಣಗೇ ಇರುತ್ತದೆ, ಆಗಲೂ ಹೆಸರು ಅದೇ. ಹಾಟ್ ಎಂಬ ಅಡ್ಜೆಕ್ಟಿವ್ ಹೋಗಿ ವಾಟರ್‌ಗೆ ಅಂಟಿಕೊಂಡಿದೆ ಅಂದರೆ, ವಾಟರ್ ಇನ್ನೊಂದು ನೌನಿನ ಮುಂದೆ ನಿಂತರೂ ನೌನಾಗಿಯೇ ಉಳಿದಿದೆ.

ತೋಟದಲ್ಲಿದ್ದೇನೆ: ನಮ್ಮ ಅಡಿಕೆ ತೋಟ, ಬಾಳೆ ಎಲೆಯೂ ಹಾಗೇ. ಅಡಿಕೆಯನ್ನು ಯಾರೂ ಗುಣವಾಚಕ ಅನ್ನುವುದಿಲ್ಲ. ನನ್ನ ಸಂಶಯ ಬೇರೆ. ಬಾಯಿ ತುಂಬ ಹಲ್ಲಿದ್ದರೂ ‘ಟೂತ್ ಬ್ರಶ್’ ಯಾಕೆ, ‘ಟೀತ್ ಬ್ರಶ್’ ಯಾಕಲ್ಲ?

ಬದಿಯಡ್ಕ ಟೀಚರ್: ಹೀಗೆ ಮುಂದೆ ನಿಲ್ಲುವ ನೌನ್ ಹೆಚ್ಚಾಗಿ ಏಕವಚನದಲ್ಲೇ ಇರುತ್ತದೆ. ‘ಟೆನ್ ರುಪೀ ನೋಟ್’ ಅನ್ನುತ್ತೇವೆ, ಹತ್ತಿದ್ದರೂ ರುಪೀಸ್ ಅಲ್ಲ.

ಕುಂಬಳೆ ಕಡಲು: ಹಾಗಾದರೆ ನಮ್ಮ ಸಿಪಿಸಿಆರ್‌ಐ? ಸೆಂಟ್ರಲ್ ಪ್ಲಾಂಟೇಶನ್ ಕ್ರಾಪ್ಸ್ ರಿಸರ್ಚ್ ಇನ್‌ಸ್ಟಿಟ್ಯೂಟ್. ಕ್ರಾಪ್ಸ್ ಅಂತಲೇ ಇದೆಯಲ್ಲ.

ಬದಿಯಡ್ಕ ಟೀಚರ್: ಒಳ್ಳೆಯ ಹೆಸರು ಹಿಡಿದಿರಿ! 1916ರಲ್ಲಿ ಶುರುವಾದಾಗ ಅದು ಕೊಕೊನಟ್ ರಿಸರ್ಚ್ ಸ್ಟೇಶನ್. ಕೊಕೊನಟ್, ಏಕವಚನ. 1970ರಲ್ಲಿ ಈಗಿನ ಹೆಸರು ಬಂತು. ತೆಂಗು, ಅಡಿಕೆ, ಕೊಕ್ಕೋ ಅಂತ ಬೆಳೆ ಹಲವು, ಅದನ್ನು ತೋರಿಸಬೇಕಾದಾಗ ಬಹುವಚನ ಉಳಿಯುತ್ತದೆ. ‘ಸ್ಪೋರ್ಟ್ಸ್ ಡೇ’ ಕೂಡ ಇದೆಯಲ್ಲ. ಆ ಹೆಸರನ್ನು ಹಿಂದಿನಿಂದ ಬಿಡಿಸುತ್ತಾ ಬನ್ನಿ: ಏನು ಮಾಡುವ ಇನ್‌ಸ್ಟಿಟ್ಯೂಟ್? ರಿಸರ್ಚ್. ಯಾವುದರ ರಿಸರ್ಚ್? ಕ್ರಾಪ್ಸ್. ಎಲ್ಲಿನ ಕ್ರಾಪ್ಸ್? ಪ್ಲಾಂಟೇಶನ್. ಐದು ಪದದಲ್ಲಿ ಸೆಂಟ್ರಲ್ ಒಂದೇ ಅಡ್ಜೆಕ್ಟಿವ್.

ಕುಂಬಳೆ ಕಡಲು: ಬಾಟಲಿಯ ಮಾತು ನನಗೂ ಸರಿ ಕಂಡಿತು. ಆದರೆ ಅಕ್ಕ, ಹಳೆಯ ಗ್ರಾಮರ್ ಪುಸ್ತಕಗಳಲ್ಲಿ ‘ಅಡ್ಜೆಕ್ಟಿವ್ ಆಗಿ ಬಳಸಿದ ನೌನ್’ ಅಂತ ಇರುತ್ತದೆ. ಅವರು ಅದನ್ನು ನೋಡಿ ತಿದ್ದಿರಬಹುದು. ಜಗಳ ಬೇಡ.

ನೀರ್ಚಾಲಿನ ಅಮ್ಮ: ಜಗಳ ಇಲ್ಲಪ್ಪ. ಸೋಮವಾರ ಮಗಳನ್ನೇ ಕರೆದುಕೊಂಡು ಹೋಗುತ್ತೇನೆ, ಬಾಟಲಿಯ ಉದಾಹರಣೆ ಅವಳೇ ಹೇಳಲಿ.